ಮುಖದ ಮೇಲಿನ ಬಿಸಿಲು: ನೆರಳು ಮೊದಲು, ಲೇಪ ಅನಂತರ

(ಗ್ರಾಮಸ್ಥರು ಮತ್ತು ವಿದ್ಯಾರ್ಥಿಗಳ ಸಭೆಯಲ್ಲಿ ನೀಡಲಾದ ಉಪನ್ಯಾಸದ ಪಠ್ಯ)



ಮಲೆನಾಡಿನಲ್ಲಿ ಮಳೆಯನ್ನು ಕುರಿತ ಮಾತು ಹೆಚ್ಚು, ಬಿಸಿಲನ್ನು ಕುರಿತ ಮಾತು ಕಡಿಮೆ. ಆರಿದ್ರೆ, ಪುನರ್ವಸು, ಪುಷ್ಯ, ಆಶ್ಲೇಷ ಎಂದು ಮಳೆಗೆ ನಕ್ಷತ್ರದ ಹೆಸರುಗಳಿವೆ. ಮಳೆಯನ್ನು ತಡೆಯಲು ಹಿರಿಯರು ಗೊರಬನ್ನೂ ಕಂಬಳಿಕೊಪ್ಪೆಯನ್ನೂ ರೂಪಿಸಿಕೊಂಡಿದ್ದರು. ಬಿಸಿಲೆಂಬುದು ಬಯಲುಸೀಮೆಯವರ ಚಿಂತೆ, ಕಾಡಿನ ನೆರಳಿರುವ ಊರಿಗೆ ಅದರ ಗೊಡವೆಯಿಲ್ಲ ಎಂಬ ನಂಬಿಕೆ ಇಂದಿಗೂ ಉಳಿದಿದೆ. ಆದರೆ ಮಳೆ ಹಿಂದೆಗೆದ ಮೇಲೆ ಇಲ್ಲಿನ ಬದುಕು ಹೇಗೆ ನಡೆಯುತ್ತದೆ ಎಂಬುದನ್ನು ಒಮ್ಮೆ ನೆನೆಯಬೇಕು. ಕೊಯ್ಲು ಮುಗಿದು ಬೇಯಿಸಿದ ಅಡಿಕೆ ಅಂಗಳಕ್ಕೆ ಬರುತ್ತದೆ. ಅದರ ಬೆನ್ನಿಗೆ ಕಾಫಿ, ಕಾಳುಮೆಣಸು. ಇವನ್ನೆಲ್ಲ ಹರವುವುದು, ಕೈಯಾಡಿಸುವುದು, ಮಗುಚುವುದು ನಡುಹಗಲಿನ ಬಿಸಿಲಿನಲ್ಲಿಯೇ. ಫಸಲು ಒಣಗಲು ಯಾವ ಹೊತ್ತು ಅತ್ಯುತ್ತಮವೋ, ಅದೇ ಹೊತ್ತು ಅದನ್ನು ಮಗುಚುವವಳ ಮುಖಕ್ಕೆ ಅತ್ಯಂತ ಪ್ರತಿಕೂಲವಾದದ್ದು.

ಇತ್ತ ಪೇಟೆಯ ಅಂಗಡಿಗಳಲ್ಲಿ ಸನ್‌ಸ್ಕ್ರೀನ್ ಎಂಬ ಮುಖಲೇಪದ ಕೊಳವೆಗಳು ಸಾಲುಸಾಲಾಗಿ ಕುಳಿತಿವೆ. ಕಾಲೇಜಿಗೆ ಹೋಗುವ ಮಕ್ಕಳು ಅದನ್ನು ಕೊಳ್ಳುತ್ತಾರೆ. ಮುಖದಲ್ಲಿ ಬಂಗು ಎದ್ದ ತಾಯಂದಿರು ಅಂಗಡಿಯವನು ಕೊಟ್ಟದ್ದನ್ನು ಕೊಳ್ಳುತ್ತಾರೆ. ಕೆಲವರು ಅದು ಬೆಳ್ಳಗಾಗುವ ಔಷಧಿ ಎಂದು ತಿಳಿದಿದ್ದಾರೆ. ಮತ್ತೆ ಕೆಲವರು ಅದು ಶ್ರೀಮಂತರ ಶೋಕಿ ಎಂದು ತಳ್ಳಿಹಾಕುತ್ತಾರೆ. ಎರಡೂ ಸರಿಯಲ್ಲ. ಆ ಲೇಪ ಏನು ಮಾಡುತ್ತದೆ, ಯಾರಿಗೆ ಅಗತ್ಯ, ಕೊಳ್ಳುವಾಗ ನೋಡಬೇಕಾದದ್ದೇನು, ಹಚ್ಚುವ ಕ್ರಮವೇನು, ಕಡೆಗೆ ಅದು ಹರಿದು ಹೋಗಿ ಸೇರುವುದೆಲ್ಲಿಗೆ ಎಂಬ ಪ್ರಶ್ನೆಗಳಿಗೆ ಉತ್ತರ ಹುಡುಕುವುದು ಈ ಉಪನ್ಯಾಸದ ಉದ್ದೇಶ.

ಸೂರ್ಯನಿಂದ ಬರುವ ಬೆಳಕಿನಲ್ಲಿ ಕಣ್ಣಿಗೆ ಕಾಣದ ಒಂದು ಭಾಗವಿದೆ; ಅದೇ ಅತಿನೇರಳೆ ಕಿರಣ. ವಿಜ್ಞಾನಿಗಳು ಅದನ್ನು ಎ, ಬಿ, ಸಿ ಎಂದು ಮೂರಾಗಿ ವಿಂಗಡಿಸಿದ್ದಾರೆ. ಅತ್ಯಂತ ಅಪಾಯಕಾರಿಯಾದ ‘ಸಿ’ ಕಿರಣವು ವಾಯುಮಂಡಲದಲ್ಲಿಯೇ ಸಂಪೂರ್ಣವಾಗಿ ಹೀರಲ್ಪಡುತ್ತದೆ. ‘ಬಿ’ ಕಿರಣದ ಹೆಚ್ಚಿನ ಪಾಲನ್ನು ಓಝೋನ್ ಪದರ ತಡೆಯುತ್ತದೆ. ಉಳಿದು ಬಂದದ್ದು ಚರ್ಮವನ್ನು ಸುಡುತ್ತದೆ. ‘ಎ’ ಕಿರಣಕ್ಕೆ ಅಂಥ ತಡೆಯಿಲ್ಲ. ನೆಲ ಮುಟ್ಟುವ ಅತಿನೇರಳೆ ಕಿರಣಗಳಲ್ಲಿ ಸುಮಾರು 95 ಪಾಲು ಇದರದೇ. ಇದು ಚರ್ಮದ ಆಳಕ್ಕಿಳಿದು ಸುಕ್ಕು, ಕಪ್ಪುಕಲೆಗಳಿಗೆ ಕಾರಣವಾಗುತ್ತದೆ. ಸಾಮಾನ್ಯ ಗಾಜು ‘ಬಿ’ ಕಿರಣವನ್ನು ಬಹುಮಟ್ಟಿಗೆ ತಡೆದರೂ ‘ಎ’ ಕಿರಣದ ಹೆಚ್ಚಿನ ಪಾಲನ್ನು ಒಳಗೆ ಬಿಡುತ್ತದೆ. ಆದುದರಿಂದ ಬಸ್ಸಿನ ಕಿಟಕಿಯ ಪಕ್ಕದಲ್ಲಿ ದಿನವೂ ಕುಳಿತು ಹೋಗುವವರ ಮುಖವೂ ಬಿಸಿಲಿನ ಲೆಕ್ಕಕ್ಕೆ ಸೇರುತ್ತದೆ.

ಓಝೋನಿನ ಹೆಸರು ಬಂದಾಗ ಒಂದು ಸಂಗತಿಯನ್ನು ಸ್ಮರಿಸದೆ ಮುಂದೆ ಹೋಗುವಂತಿಲ್ಲ. ಶೈತ್ಯಯಂತ್ರಗಳಲ್ಲಿ ಬಳಸುತ್ತಿದ್ದ ಕ್ಲೋರೋಫ್ಲೋರೋಕಾರ್ಬನ್‌ಗಳು ಈ ಪದರವನ್ನು ಸವೆಸಬಲ್ಲವು ಎಂದು ಮೊಲಿನಾ ಮತ್ತು ರೋಲ್ಯಾಂಡ್ ಎಂಬ ವಿಜ್ಞಾನಿಗಳು 1974ರಲ್ಲಿ ಎಚ್ಚರಿಸಿದರು. 1985ರಲ್ಲಿ ಅಂಟಾರ್ಕ್ಟಿಕದ ಮೇಲೆ ಪದರ ತೀವ್ರವಾಗಿ ತೆಳುವಾಗಿರುವುದು ಪ್ರಕಟವಾಯಿತು. 1987ರ ಸೆಪ್ಟೆಂಬರ್ 16ರಂದು ಮಾಂಟ್ರಿಯಲ್ ಒಪ್ಪಂದವಾಯಿತು. 1992ರಲ್ಲಿ ಭಾರತವೂ ಅದಕ್ಕೆ ಸೇರಿತು. 2022ರ ಅಂತಾರಾಷ್ಟ್ರೀಯ ಮೌಲ್ಯಮಾಪನದ ಪ್ರಕಾರ, ಒಪ್ಪಂದದ ಪಾಲನೆ ಮುಂದುವರಿದರೆ ಅಂಟಾರ್ಕ್ಟಿಕದಲ್ಲಿ ಸುಮಾರು 2066ರ ವೇಳೆಗೆ, ಜಗತ್ತಿನ ಬಹುಭಾಗದಲ್ಲಿ 2040ರ ವೇಳೆಗೆ ಪದರವು 1980ರ ಸ್ಥಿತಿಗೆ ಮರಳಲಿದೆ. ಮನುಕುಲದ ಮುಖಕ್ಕೆ ಹಚ್ಚಿದ ಮೊದಲ ಲೇಪ ಈ ಓಝೋನ್. ಅದಕ್ಕೆ ಬೆಲೆಯಿಲ್ಲ, ಕೊಳವೆಯಿಲ್ಲ. ಬಡವನಿಗೂ ಬಲ್ಲಿದನಿಗೂ ಸಮನಾಗಿ ಹಂಚಿದೆ. ಅದನ್ನು ಉಳಿಸಿದ್ದು ಅಂಗಡಿಯಲ್ಲ, ಒಗ್ಗಟ್ಟಿನ ನಿರ್ಧಾರ.

ಇನ್ನು ಗುಡ್ಡಗಾಡಿನ ಮಾತು. ಎತ್ತರ ಹೆಚ್ಚಿದಂತೆ ಗಾಳಿ ತೆಳುವಾಗುತ್ತದೆ, ತಡೆ ಕಡಿಮೆಯಾಗುತ್ತದೆ. ಪ್ರತಿ ಸಾವಿರ ಮೀಟರ್ ಏರಿದಂತೆ ಅತಿನೇರಳೆ ಕಿರಣದ ಪ್ರಮಾಣ ನೂರಕ್ಕೆ ಸುಮಾರು 10ರಷ್ಟು ಹೆಚ್ಚುತ್ತದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಸುಮಾರು 1,900 ಮೀಟರಿಗೂ ಎತ್ತರವಿರುವ ಮುಳ್ಳಯ್ಯನಗಿರಿಯ ನೆತ್ತಿಯಲ್ಲಿ ನಿಂತವನಿಗೆ ತಂಪುಗಾಳಿಯಲ್ಲಿ ಬಿಸಿಲು ಹಿತವೆನಿಸುತ್ತದೆ. ಆದರೆ ಕರಾವಳಿಯಲ್ಲಿ ಬೆವರುತ್ತ ನಿಂತವನಿಗಿಂತ ಹೆಚ್ಚಿನ ಅತಿನೇರಳೆ ಕಿರಣ ಅವನ ಮುಖಕ್ಕೆ ಬೀಳುತ್ತಿರುತ್ತದೆ. ಸೆಖೆಯೇ ಬೇರೆ, ಅತಿನೇರಳೆಯೇ ಬೇರೆ. ಚರ್ಮಕ್ಕೆ ತಿಳಿಯುವುದು ಸೆಖೆ ಮಾತ್ರ. ತೆಳುಮೋಡವೂ ದೊಡ್ಡ ತಡೆಯಲ್ಲ. ಅದರ ಮೂಲಕ ಈ ಕಿರಣದ ಬಹುಪಾಲು ಇಳಿದು ಬರುತ್ತದೆ. ಈ ನಾಡಿನ ಅಕ್ಷಾಂಶದಲ್ಲಿ ಸೂರ್ಯನು ವರ್ಷಕ್ಕೆರಡು ಬಾರಿ ನಡುನೆತ್ತಿಗೆ ಬರುತ್ತಾನೆ: ಏಪ್ರಿಲ್ ಕೊನೆಯ ಭಾಗದಲ್ಲೊಮ್ಮೆ, ಆಗಸ್ಟ್ ಮಧ್ಯಭಾಗದ ಸುಮಾರಿಗೆ ಮತ್ತೊಮ್ಮೆ. ಆದುದರಿಂದ ಶ್ರಾವಣದಲ್ಲಿ ಮಳೆ ಬಿಟ್ಟು ಬರುವ ಬಿಸಿಲು ಎಳೆಬಿಸಿಲಲ್ಲ.

ಅತಿನೇರಳೆಯ ತೀವ್ರತೆಯನ್ನು ಅಳೆಯಲು ಯುವಿ ಸೂಚ್ಯಂಕವೆಂಬ ಮಾನದಂಡವಿದೆ. ಅದು 3ನ್ನು ಮುಟ್ಟಿದರೆ ರಕ್ಷಣೆ ಬೇಕೆಂದೂ, 8ಕ್ಕೆ ಮೇಲ್ಪಟ್ಟರೆ ಬಹಳ ತೀವ್ರವೆಂದೂ, 11ನ್ನು ದಾಟಿದರೆ ಅತಿತೀವ್ರವೆಂದೂ ಪರಿಗಣಿಸಲಾಗುತ್ತದೆ. ಉಷ್ಣವಲಯದ ನಿರ್ಮಲವಾದ ನಡುಹಗಲಿನಲ್ಲಿ 11ನ್ನು ದಾಟುವುದು ಅಪರೂಪವೇನಲ್ಲ. ಯಂತ್ರವಿಲ್ಲದವರಿಗೂ ಒಂದು ಅಳತೆಗೋಲಿದೆ. ಅದು ತಮ್ಮದೇ ನೆರಳು. ಬಿಸಿಲಿನಲ್ಲಿ ನಿಂತಾಗ ನೆರಳು ತಮ್ಮ ಎತ್ತರಕ್ಕಿಂತ ಉದ್ದವಾಗಿದ್ದರೆ ಸೂರ್ಯ ಇಳಿಜಾರಿನಲ್ಲಿದ್ದಾನೆ, ಅಪಾಯ ಕಡಿಮೆ. ನೆರಳು ಎತ್ತರಕ್ಕಿಂತ ಗಿಡ್ಡವಾಗಿದ್ದರೆ ಕಿರಣ ತೀಕ್ಷ್ಣವಾಗಿದೆ, ಮರೆಗೆ ಸರಿಯಬೇಕು. ಶಾಲೆಯ ಮಗುವೂ ಅಂಗಳದಲ್ಲಿ ನಿಂತು ಇದನ್ನು ಪರೀಕ್ಷಿಸಬಹುದು.

ಕಂದುಬಣ್ಣದ ಚರ್ಮಕ್ಕೆ ಇದೆಲ್ಲ ಏಕೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ಯೋಗ್ಯವಾದದ್ದೇ. ಚರ್ಮದ ವರ್ಣದ್ರವ್ಯವಾದ ಮೆಲನಿನ್ ಪ್ರಕೃತಿಯೇ ಕೊಟ್ಟ ಕೊಡೆ. 1979ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಕಪ್ಪು ಜನರ ಹೊರಚರ್ಮದ ಸಹಜ ರಕ್ಷಣೆ ಸುಮಾರು 13.4 ಎಂದೂ, ಬಿಳಿಯರದು 3.4 ಎಂದೂ ಕಂಡುಬಂದಿತು. ಭಾರತೀಯರ ಬಗೆಬಗೆಯ ಮೈಬಣ್ಣಗಳು ಬಹುಮಟ್ಟಿಗೆ ಇವೆರಡರ ನಡುವೆ ಬರುತ್ತವೆ. ಆದುದರಿಂದ ಬಿಸಿಲಿನಿಂದ ಬರುವ ಚರ್ಮದ ಕ್ಯಾನ್ಸರ್ ಬಿಳಿಯರ ದೇಶಗಳಿಗೆ ಹೋಲಿಸಿದರೆ ಇಲ್ಲಿ ಬಹಳ ಕಡಿಮೆ. ಅದನ್ನು ದೊಡ್ಡದು ಮಾಡಿ ಹೆದರಿಸಿ ಲೇಪ ಮಾರುವುದು ಪ್ರಾಮಾಣಿಕತೆಯಲ್ಲ. ಕಪ್ಪುಚರ್ಮದವರಲ್ಲಿ ಕಂಡುಬರುವ ಮೆಲನೋಮ ಎಂಬ ಕ್ಯಾನ್ಸರ್ ಹೆಚ್ಚಾಗಿ ಅಂಗಾಲು, ಅಂಗೈ, ಉಗುರಿನ ಅಡಿಯಲ್ಲಿ ಏಳುತ್ತದೆ. ಅದಕ್ಕೂ ಬಿಸಿಲಿಗೂ ಸಂಬಂಧವಿಲ್ಲ, ಮುಖಲೇಪ ಅದನ್ನು ತಡೆಯುವುದಿಲ್ಲ. ಅಂಗಾಲಿನಲ್ಲಿ ಹೊಸ ಕಪ್ಪುಮಚ್ಚೆ ಬೆಳೆಯುತ್ತಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸುವುದೊಂದೇ ದಾರಿ.

ಹಾಗಾದರೆ ಲೇಪದ ನಿಜವಾದ ಅಗತ್ಯ ಯಾರಿಗಿದೆ? ಮೊದಲನೆಯದಾಗಿ, ಬಂಗು ಉಳ್ಳವರಿಗೆ. ಬಸಿರು, ಹಾರ್ಮೋನಿನ ವ್ಯತ್ಯಾಸ, ವಂಶಗುಣಗಳಿಂದ ಕೆನ್ನೆ ಹಣೆಗಳ ಮೇಲೆ ಏಳುವ ಈ ಕಂದು ಕಲೆಯನ್ನು ಬಿಸಿಲು ಗಾಢಗೊಳಿಸುತ್ತದೆ. ಬಿಸಿಲಿಗೆ ತಡೆಯಿಲ್ಲದಿದ್ದರೆ ಯಾವ ಔಷಧಿಯೂ ನಿಲ್ಲುವುದಿಲ್ಲ. ಎರಡನೆಯದಾಗಿ, ತೊನ್ನಿನ ಬಿಳಿಮಚ್ಚೆ ಉಳ್ಳವರಿಗೆ. ಆ ಮಚ್ಚೆಯಲ್ಲಿ ಮೆಲನಿನ್ ಇಲ್ಲದಿರುವುದರಿಂದ ಅದು ಬೇಗ ಸುಡುತ್ತದೆ. ಮೂರನೆಯದಾಗಿ, ಹುಟ್ಟಿನಿಂದಲೇ ಮೈಯಲ್ಲಿ ವರ್ಣದ್ರವ್ಯವಿಲ್ಲದವರಿಗೆ. ಬಿಸಿಲಿನ ಕ್ಯಾನ್ಸರಿನ ಭಯ ಇವರಿಗೆ ನಿಜವಾಗಿಯೂ ದೊಡ್ಡದು. ಊರಿನಲ್ಲಿ ಅಂಥ ಒಂದು ಮಗುವಿದ್ದರೆ ಅದಕ್ಕೆ ಟೊಪ್ಪಿ, ತುಂಬುತೋಳಿನ ಅಂಗಿ, ಲೇಪ ಈ ಮೂರೂ ಔಷಧಿಯಷ್ಟೇ ಅಗತ್ಯ. ಅಂಗಳದ ಪ್ರಾರ್ಥನೆಯಲ್ಲಿ ಆ ಮಗುವನ್ನು ನೆರಳಿನಲ್ಲಿ ನಿಲ್ಲಿಸುವುದು ಶಿಕ್ಷಕರ ಕರ್ತವ್ಯ.

ನಾಲ್ಕನೆಯದಾಗಿ, ಕೆಲವು ಔಷಧಿಗಳನ್ನು ಸೇವಿಸುತ್ತಿರುವವರಿಗೆ. ಗದ್ದೆ ಕೆಲಸದವರನ್ನು ಕಾಡುವ ಇಲಿಜ್ವರಕ್ಕೆ ವೈದ್ಯರು ಕೊಡುವ ಡಾಕ್ಸಿಸೈಕ್ಲಿನ್ ಮಾತ್ರೆಯು ಚರ್ಮವನ್ನು ಬಿಸಿಲಿಗೆ ಸೂಕ್ಷ್ಮಗೊಳಿಸುತ್ತದೆ. ಮಾತ್ರೆ ಬಿಡಬಾರದು; ಬಿಸಿಲನ್ನು ಬಿಡಬೇಕು. ತೊನ್ನಿನ ಚಿಕಿತ್ಸೆಯಲ್ಲಿ ಬಳಸುವ ಬಾವಂಚಿ ಬೀಜದಲ್ಲಿಯೂ ಇದೇ ಗುಣವಿದೆ. ಮುಖ ತಿಳಿಯಾಗಲೆಂದು ನಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋಗುವವರಿಗೆ ಸುಟ್ಟ ಗಾಯದಂಥ ಬೊಬ್ಬೆಯೂ, ಅನಂತರ ತಿಂಗಳುಗಟ್ಟಲೆ ಉಳಿಯುವ ಕಪ್ಪುಕಲೆಯೂ ಬರಬಹುದು. ಗಿಡಮೂಲಿಕೆ ಎಂದ ಮಾತ್ರಕ್ಕೆ ನಿರಪಾಯವಲ್ಲ.

ದಿನನಿತ್ಯ ಹಚ್ಚುವುದರಿಂದ ಪ್ರಯೋಜನವಿದೆಯೇ ಎಂಬುದಕ್ಕೆ ಅತ್ಯಂತ ದೃಢವಾದ ಸಾಕ್ಷ್ಯ ದೊರೆತದ್ದು ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡಿನ ನ್ಯಾಂಬರ್ ಎಂಬ ಪಟ್ಟಣದಲ್ಲಿ. 1992ರಿಂದ 1996ರವರೆಗೆ ಅಲ್ಲಿನ 1,621 ಜನರ ಮೇಲೆ ಅಧ್ಯಯನ ನಡೆಯಿತು. ಅರ್ಧದಷ್ಟು ಜನರಿಗೆ ಪ್ರತಿದಿನ ಬೆಳಿಗ್ಗೆ ಮುಖ, ಕತ್ತು, ಕೈಗಳಿಗೆ ಲೇಪ ಹಚ್ಚಲು ಹೇಳಲಾಯಿತು. ಉಳಿದವರು ತಮಗೆ ತೋಚಿದಂತೆ ನಡೆದುಕೊಂಡರು. ನಿತ್ಯ ಹಚ್ಚಿದವರಲ್ಲಿ ಸ್ಕ್ವಾಮಸ್ ಎಂಬ ಬಗೆಯ ಚರ್ಮದ ಕ್ಯಾನ್ಸರ್ ಗೆಡ್ಡೆಗಳು ನೂರಕ್ಕೆ ಸುಮಾರು 40ರಷ್ಟು ಕಡಿಮೆಯಾದವೆಂದು 1999ರಲ್ಲಿ ಪ್ರಕಟವಾಯಿತು. 2013ರಲ್ಲಿ ಬಂದ ಮತ್ತೊಂದು ವರದಿಯ ಪ್ರಕಾರ, 55 ವರ್ಷದೊಳಗಿನ ನಿತ್ಯಬಳಕೆದಾರರಲ್ಲಿ ಚರ್ಮ ಮುಪ್ಪಾಗುವ ಲಕ್ಷಣಗಳು ನೂರಕ್ಕೆ 24ರಷ್ಟು ಕಡಿಮೆಯಿದ್ದವು. ಅಲ್ಲಿಯವರು ಬಹುತೇಕ ಬಿಳಿಯರು; ಆ ಅಂಕಿಗಳನ್ನು ಹಾಗೆಯೇ ಇಲ್ಲಿಗೆ ತರಲಾಗದು. ಆದರೆ ಆಗೊಮ್ಮೆ ಈಗೊಮ್ಮೆ ಹಚ್ಚುವುದಕ್ಕಿಂತ ನಿತ್ಯ ಹಚ್ಚುವುದರಲ್ಲಿಯೇ ಫಲವಿದೆ ಎಂಬ ಪಾಠ ಎಲ್ಲರಿಗೂ ಸಲ್ಲುತ್ತದೆ.

ಇಷ್ಟಾದರೂ ರಕ್ಷಣೆಯ ಸಾಲಿನಲ್ಲಿ ಲೇಪಕ್ಕೆ ಮೊದಲ ಸ್ಥಾನವಿಲ್ಲ. ಮೊದಲನೆಯದು ಹೊತ್ತು: ದಿನದ ಅತಿನೇರಳೆಯಲ್ಲಿ ನೂರಕ್ಕೆ ಸುಮಾರು 60ರಷ್ಟು ಬೆಳಿಗ್ಗೆ 10ರಿಂದ ಮಧ್ಯಾಹ್ನ 2ರೊಳಗೆ ಬೀಳುತ್ತದೆ. ಬೆಳಿಗ್ಗೆ ಬೇಗ ಗದ್ದೆಗಿಳಿದು ನಡುಹಗಲಿನಲ್ಲಿ ಕೊಟ್ಟಿಗೆ, ಅಟ್ಟದ ಕೆಲಸ ನೋಡಿಕೊಳ್ಳುತ್ತಿದ್ದ ಹಿರಿಯರ ಕ್ರಮ ಈ ಲೆಕ್ಕಕ್ಕೆ ಸರಿಯಾಗಿಯೇ ಇತ್ತು. ಎರಡನೆಯದು ಮರ: ನೆರಳು ಅತಿನೇರಳೆಯನ್ನು ಅರ್ಧಕ್ಕೂ ಹೆಚ್ಚು ತಗ್ಗಿಸಬಲ್ಲದು. ಹಳೆಯ ಕಾಫಿ ತೋಟಗಳಲ್ಲಿ ಹಲಸು, ಅತ್ತಿ, ನಂದಿ ಮರಗಳ ಕೆಳಗೆ ಹಣ್ಣು ಬಿಡಿಸುವ ಹೆಂಗಸಿಗೂ, ಮರ ಬೋಳಿಸಿದ ತೋಟದಲ್ಲಿ ದುಡಿಯುವವಳಿಗೂ ಮುಖಕ್ಕೆ ಬೀಳುವ ಬಿಸಿಲಿನಲ್ಲಿ ಅಜಗಜಾಂತರವಿದೆ. ಮರ ಕಡಿಯುವಾಗ ನಾಟಾದ ಬೆಲೆ ಕಟ್ಟುತ್ತಾರೆ; ಅದರಡಿಯ ನೆರಳಿಗೆ ಯಾರೂ ಬೆಲೆ ಕಟ್ಟುವುದಿಲ್ಲ.

ಮೂರನೆಯದು ಟೊಪ್ಪಿ ಮತ್ತು ಬಟ್ಟೆ. ಅಡಿಕೆ ಹಾಳೆಯ ಟೊಪ್ಪಿ ನೆತ್ತಿಯನ್ನು ತಂಪಾಗಿಡುತ್ತದೆ, ಹೊರೆಗೆ ಒತ್ತಾಗುತ್ತದೆ. ಆದರೆ ಅದಕ್ಕೆ ಅಂಚಿಲ್ಲದ ಕಾರಣ ಮೂಗು, ಕೆನ್ನೆ, ಕಿವಿಗಳು ತೆರೆದೇ ಇರುತ್ತವೆ. ಸುತ್ತಲೂ ಏಳೆಂಟು ಸೆಂಟಿಮೀಟರ್ ಅಗಲದ ಅಂಚಿದ್ದರೆ ಮುಖಕ್ಕೂ ಕತ್ತಿಗೂ ನೆರಳು ಬೀಳುತ್ತದೆ. ಹಾಳೆ ಕೈಯಲ್ಲಿದೆ, ಕೈಕಸುಬು ಬಲ್ಲ ಜನರಿದ್ದಾರೆ. ಅಂಚುಳ್ಳ ಹಾಳೆಟೊಪ್ಪಿ ಮಾಡುವುದು ವಿದ್ಯಾರ್ಥಿಗಳಿಗೆ ಒಳ್ಳೆಯ ರಜೆಯ ಕೆಲಸವಾದೀತು. ಒತ್ತಾಗಿ ನೆಯ್ದ ಗಾಢಬಣ್ಣದ ಬಟ್ಟೆ ತೆಳುವಾದ ಬಿಳಿಬಟ್ಟೆಗಿಂತ ಹೆಚ್ಚು ತಡೆಯುತ್ತದೆ. ಈ ಮೂರೂ ಸಾಲದಾದ ಕಡೆ, ಅಂದರೆ ಮುಚ್ಚಲಾಗದ ಮುಖದ ಮೇಲೆ, ನಾಲ್ಕನೆಯದಾಗಿ ಲೇಪ ಬರುತ್ತದೆ.

ಈ ಲೇಪಕ್ಕೂ ಬೆಟ್ಟಕ್ಕೂ ಹಳೆಯ ನಂಟಿದೆ. ಆಸ್ಟ್ರಿಯದ ರಸಾಯನಶಾಸ್ತ್ರಜ್ಞ ಫ್ರಾಂಜ್ ಗ್ರೈಟರ್ ಆಲ್ಪ್ಸ್ ಪರ್ವತದ ಪಿಟ್ಜ್ ಬುಯಿನ್ ಶಿಖರವನ್ನೇರುವಾಗ ಮೈ ಸುಟ್ಟುಕೊಂಡು, 1940ರ ದಶಕದಲ್ಲಿ ಅದೇ ಅನುಭವದಿಂದ ಒಂದು ಲೇಪವನ್ನು ಸಿದ್ಧಪಡಿಸಿದ; ಎಸ್‌ಪಿಎಫ್ ಎಂಬ ಅಳತೆಯನ್ನು ಬಳಕೆಗೆ ತಂದವರಲ್ಲಿಯೂ ಅವನೇ ಪ್ರಮುಖ. ಇದು ‘ಬಿ’ ಕಿರಣದ ಸುಡುವಿಕೆಯನ್ನು ಎಷ್ಟು ತಡೆಯುತ್ತದೆ ಎಂಬ ಅಂಕಿ. 15 ಎಂದಿದ್ದರೆ ನೂರರಲ್ಲಿ ಸುಮಾರು 93 ಪಾಲು, 30 ಎಂದಿದ್ದರೆ 97 ಪಾಲು, 50 ಎಂದಿದ್ದರೆ 98 ಪಾಲು ತಡೆಯಾಗುತ್ತದೆ. ಮೂವತ್ತರಿಂದ ಐವತ್ತಕ್ಕೆ ಹೋದರೆ ಗಳಿಸುವುದು ಒಂದೇ ಪಾಲು. ಆದುದರಿಂದ ದೊಡ್ಡ ಅಂಕಿಗೆ ದುಪ್ಪಟ್ಟು ಹಣ ತೆರುವ ಅಗತ್ಯವಿಲ್ಲ. ದಿನಬಳಕೆಗೆ 30 ಸಾಕು, ದಿನವಿಡೀ ಬಿಸಿಲಿನಲ್ಲಿ ದುಡಿಯುವವರಿಗೂ ಬಂಗು ಉಳ್ಳವರಿಗೂ 50 ಇದ್ದರೆ ಒಳಿತು.

ಎಸ್‌ಪಿಎಫ್ ಅಂಕಿ ‘ಎ’ ಕಿರಣದ ಬಗ್ಗೆ ಏನನ್ನೂ ಹೇಳುವುದಿಲ್ಲ. ಅದಕ್ಕಾಗಿ ಕೊಳವೆಯ ಮೇಲೆ ‘ಬ್ರಾಡ್ ಸ್ಪೆಕ್ಟ್ರಮ್’ ಎಂಬ ಮಾತನ್ನೋ, ‘ಪಿಎ’ ಎಂಬ ಅಕ್ಷರಗಳ ಮುಂದಿನ ಕೂಡು ಚಿಹ್ನೆಗಳನ್ನೋ ಹುಡುಕಬೇಕು. 1996ರಲ್ಲಿ ಜಪಾನಿನಲ್ಲಿ ಆರಂಭವಾದ ಈ ಪಿಎ ಪದ್ಧತಿಯಲ್ಲಿ ಕೂಡು ಚಿಹ್ನೆ ಹೆಚ್ಚಿದಷ್ಟೂ ರಕ್ಷಣೆ ಹೆಚ್ಚು. ಮೂರು ಅಥವಾ ನಾಲ್ಕು ಇರುವುದನ್ನು ಆರಿಸಬೇಕು. ಬೆವರುವ ಕೆಲಸದವರು ನೀರಿಗೆ ತಡೆಯುವ ಗುಣವನ್ನೂ ನೋಡಬೇಕು. ಭಾರತದಲ್ಲಿ ಈ ಲೇಪಗಳು ಪ್ರಸಾಧನ ಸಾಮಗ್ರಿಯ ನಿಯಮಗಳಿಗೆ ಒಳಪಟ್ಟಿವೆ; ತಯಾರಕರ ವಿಳಾಸ, ತಂಡದ ಸಂಖ್ಯೆ, ಬಳಕೆಯ ಕೊನೆಯ ದಿನಾಂಕ, ಘಟಕಗಳ ಪಟ್ಟಿ ಮುದ್ರಿತವಾಗಿರಲೇಬೇಕು. ಇವಿಲ್ಲದ ಲೇಪವನ್ನು ಸಂತೆಯಲ್ಲಿ ಎಷ್ಟು ಅಗ್ಗಕ್ಕೆ ಕೊಟ್ಟರೂ ಕೊಳ್ಳಬಾರದು.

ಘಟಕಗಳ ಪಟ್ಟಿಯಲ್ಲಿ ಎರಡು ಬಗೆಯ ತಡೆವಸ್ತುಗಳಿರುತ್ತವೆ. ಝಿಂಕ್ ಆಕ್ಸೈಡ್ ಮತ್ತು ಟೈಟಾನಿಯಂ ಡೈಆಕ್ಸೈಡ್ ಖನಿಜ ವರ್ಗದವು. ಸೂಕ್ಷ್ಮ ಚರ್ಮದವರಿಗೆ ಒಗ್ಗುತ್ತವೆ, ಆದರೆ ಕಂದು ಮುಖದ ಮೇಲೆ ಬೂದಿ ಬಳಿದಂತೆ ಕಾಣುತ್ತವೆ. ಇನ್ನೊಂದು ಬಗೆ ಸಾವಯವ ರಾಸಾಯನಿಕಗಳು. ಇವು ಕಣ್ಣಿಗೆ ಕಾಣದಂತೆ ಹರಡುತ್ತವೆ, ಕೆಲವರಿಗೆ ಕಣ್ಣುರಿ, ತುರಿಕೆ ತರುತ್ತವೆ. 2019ರಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆಯು ಮೊದಲಿನ ಎರಡು ಖನಿಜಗಳನ್ನು ಸುರಕ್ಷಿತವೆಂದು ಮಾನ್ಯಮಾಡಲು ಪ್ರಸ್ತಾಪಿಸಿ, ಹನ್ನೆರಡು ರಾಸಾಯನಿಕಗಳ ಬಗ್ಗೆ ಹೆಚ್ಚಿನ ಮಾಹಿತಿ ಕೇಳಿತು. ಅವು ಅಪಾಯಕಾರಿ ಎಂದು ಅದು ಹೇಳಲಿಲ್ಲ. ಬಂಗು ಉಳ್ಳವರು ತಿಳಿಯಬೇಕಾದ ಮತ್ತೊಂದು ಸಂಗತಿಯಿದೆ. ಕಣ್ಣಿಗೆ ಕಾಣುವ ಬೆಳಕೂ ಬಂಗನ್ನು ಗಾಢಗೊಳಿಸಬಲ್ಲದು. ಅದನ್ನು ತಡೆಯುವುದು ಕಬ್ಬಿಣದ ಆಕ್ಸೈಡ್ ಬೆರೆತ, ಮೈಬಣ್ಣದ ಲೇಪ. ಅದು ಬೂದಿಯಂತೆಯೂ ಕಾಣುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಒತ್ತಿ ಹೇಳಬೇಕಾಗಿದೆ. ಸನ್‌ಸ್ಕ್ರೀನ್ ಮುಖವನ್ನು ಬೆಳ್ಳಗೆ ಮಾಡುವುದಿಲ್ಲ. ಬೆಳ್ಳಗೆ ಮಾಡುತ್ತೇನೆಂದು ಹೇಳುವ ಲೇಪ ಸನ್‌ಸ್ಕ್ರೀನ್ ಅಲ್ಲ. ಬಂಗಿಗೆಂದು ಕೈಯಿಂದ ಕೈಗೆ ದಾಟುವ ಎಷ್ಟೋ ಲೇಪಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ಮೊದಲ ವಾರಗಳಲ್ಲಿ ಮುಖ ತಿಳಿಯಾಗುತ್ತದೆ. ಅನಂತರ ಚರ್ಮ ತೆಳುವಾಗಿ, ಕೆಂಪಾಗಿ, ಬಿಸಿಲು ತಾಗಿದರೆ ಉರಿಯತೊಡಗುತ್ತದೆ, ಬಿಟ್ಟರೆ ಮತ್ತಷ್ಟು ಉಲ್ಬಣಿಸುತ್ತದೆ. ಇನ್ನು ಕೆಲವು ಕಳ್ಳಲೇಪಗಳಲ್ಲಿ ಪಾದರಸವೇ ಇರುತ್ತದೆ. 2023ರಲ್ಲಿ ನೆರೆಯ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಇಂಥ ಬಿಳಿಚುಲೇಪ ಬಳಸಿದವರಲ್ಲಿ ಮೂತ್ರಪಿಂಡದ ರೋಗ ಕಂಡುಬಂದದ್ದು ವರದಿಯಾಯಿತು. ಅದೇ ವರ್ಷ ಮಿನಮಾಟಾ ಒಪ್ಪಂದದ ರಾಷ್ಟ್ರಗಳು ಪಾದರಸವುಳ್ಳ ಎಲ್ಲ ಪ್ರಸಾಧನಗಳನ್ನೂ 2025ರೊಳಗೆ ನಿಲ್ಲಿಸಲು ನಿರ್ಧರಿಸಿದವು. ಮದುವೆಯ ಮಾತುಕತೆಗೆ ಮುನ್ನ ಮಗಳ ಮುಖಕ್ಕೆ ಇಂಥದ್ದನ್ನು ಹಚ್ಚುವ ತಾಯಿ ಅವಳ ಮೂತ್ರಪಿಂಡವನ್ನು ಪಣಕ್ಕಿಡುತ್ತಿದ್ದಾಳೆ. ಕಂದುಬಣ್ಣ ರೋಗವಲ್ಲ, ಅದು ಸಾವಿರಾರು ವರ್ಷ ಈ ಬಿಸಿಲಿನಲ್ಲಿ ಬಾಳಿದವರ ಬಳುವಳಿ.

ಈಗ ಹಚ್ಚುವ ಕ್ರಮ. ಕೊಳವೆಯ ಮೇಲಿನ ಅಂಕಿಯನ್ನು ಪ್ರಯೋಗಾಲಯದಲ್ಲಿ ಅಳೆಯುವಾಗ ಪ್ರತಿ ಚದರ ಸೆಂಟಿಮೀಟರ್ ಚರ್ಮಕ್ಕೆ 2 ಮಿಲಿಗ್ರಾಂ ಹಚ್ಚಿರುತ್ತಾರೆ. ಜನಸಾಮಾನ್ಯರು ಹಚ್ಚುವುದು ಅದರ ಕಾಲುಭಾಗ, ಹೆಚ್ಚೆಂದರೆ ಅರ್ಧ. ಹಾಗೆ ಹಚ್ಚಿದಾಗ 50ರ ಲೇಪವೂ 50ರ ಕೆಲಸ ಮಾಡುವುದಿಲ್ಲ. ತೋರುಬೆರಳು ಮತ್ತು ನಡುಬೆರಳಿನ ಬುಡದಿಂದ ತುದಿಯವರೆಗೆ ಎರಡು ಗೆರೆ ಎಳೆದರೆ ಬರುವಷ್ಟು ಲೇಪ ಮುಖಕ್ಕೂ ಕತ್ತಿಗೂ ಬೇಕು. ಕಿವಿಯ ತುದಿ, ಕತ್ತಿನ ಹಿಂಭಾಗ, ಕೂದಲಿನ ಅಂಚನ್ನು ಮರೆಯಬಾರದು. ಹೊರಡುವ 15 ನಿಮಿಷ ಮೊದಲು ಹಚ್ಚಬೇಕು; ಬಿಸಿಲಿನಲ್ಲಿರುವವರು ಎರಡು ಗಂಟೆಗೊಮ್ಮೆ, ಬೆವರು ಒರೆಸಿಕೊಂಡ ಮೇಲೆ ಮತ್ತೊಮ್ಮೆ ಹಚ್ಚಬೇಕು. ಹೊಸ ಲೇಪವನ್ನು ಮೊದಲು ಮೊಳಕೈಯ ಒಳಭಾಗಕ್ಕೆ ಎರಡು ಮೂರು ದಿನ ಹಚ್ಚಿ ನೋಡಿ, ತುರಿಕೆಯಿಲ್ಲದಿದ್ದರೆ ಮಾತ್ರ ಮುಖಕ್ಕೆ ಬಳಸಬೇಕು. ಆರು ತಿಂಗಳೊಳಗಿನ ಕೂಸಿಗೆ ಲೇಪ ಬೇಡ. ನೆರಳೂ ಬಟ್ಟೆಯೂ ಸಾಕು.

ಮಂಗನ ಕಾಯಿಲೆಯ ಭಯವಿರುವ ಊರುಗಳಲ್ಲಿ ಕಾಡಿಗೆ ಹೋಗುವವರು ಉಣ್ಣೆ ಕಚ್ಚದಂತೆ ಕೈಕಾಲುಗಳಿಗೆ ತೈಲ ಹಚ್ಚುತ್ತಾರೆ. ಎರಡನ್ನೂ ಹಚ್ಚುವ ಕಡೆ ಮೊದಲು ಸನ್‌ಸ್ಕ್ರೀನ್, ಅದು ಒಣಗಿದ ಮೇಲೆ ತೈಲ. ಬಿಸಿಲಿನ ಲೇಪ ಹಚ್ಚಿದೆನೆಂದು ಉಣ್ಣೆಯ ತೈಲವನ್ನು ಬಿಡುವಂತಿಲ್ಲ. ಕೊಬ್ಬರಿ ಎಣ್ಣೆ, ಅರಿಶಿನ, ಶ್ರೀಗಂಧಗಳು ಬಿಸಿಲನ್ನು ತಡೆಯುತ್ತವೆಂದು ನಂಬಿ ಹೊರಗಿರುವುದೂ ಸರಿಯಲ್ಲ. ಎಣ್ಣೆ ಚರ್ಮವನ್ನು ಮೃದುಗೊಳಿಸೀತು. ನಡುಹಗಲಿನ ಕಿರಣಕ್ಕೆ ಅದು ಭರವಸೆಯ ತಡೆಯಲ್ಲ. ಇನ್ನು ಎಲುಬಿಗೆ ಬೇಕಾದ ಡಿ ಜೀವಸತ್ವದ ಚಿಂತೆ. ಹೊರಗೆ ದುಡಿಯುವವರು ಮುಖಕ್ಕೆ ಲೇಪ ಹಚ್ಚಿದ ಮಾತ್ರಕ್ಕೆ ಅದಕ್ಕೆ ಕೊರತೆಯಾಗುವ ಸಂಭವ ಕಡಿಮೆ. ಕೈಕಾಲುಗಳಿಗೆ ಬಿಸಿಲು ಬೀಳುತ್ತಲೇ ಇರುತ್ತದೆ.

ಖರ್ಚಿನ ಲೆಕ್ಕವನ್ನು ಮುಚ್ಚಿಡಬಾರದು. ಮುಖ ಕತ್ತುಗಳಿಗೆ ಒಂದು ಸಲಕ್ಕೆ ಸುಮಾರು ಒಂದು ಗ್ರಾಂ ಬೇಕು. 50 ಗ್ರಾಂ ಕೊಳವೆ ದಿನಕ್ಕೊಮ್ಮೆ ಹಚ್ಚಿದರೆ ಸುಮಾರು 50 ದಿನ, ಎರಡು ಬಾರಿ ಹಚ್ಚಿದರೆ 25 ದಿನ ಬರುತ್ತದೆ. ಕೂಲಿಯಿಂದ ಬದುಕುವ ಮನೆಯಲ್ಲಿ ನಾಲ್ವರಿಗೂ ವರ್ಷವಿಡೀ ಇದು ಸಾಧ್ಯವಿಲ್ಲ. ಅಂಥ ಮನೆಯಲ್ಲಿ ಲೇಪ ಮೊದಲು ಸಲ್ಲಬೇಕಾದದ್ದು ತೊನ್ನು, ಬಂಗು ಉಳ್ಳವರಿಗೆ, ಔಷಧಿಯಿಂದ ಚರ್ಮ ಸೂಕ್ಷ್ಮವಾದವರಿಗೆ. ಉಳಿದವರಿಗೆ ಅಂಚುಳ್ಳ ಟೊಪ್ಪಿ, ಬಟ್ಟೆ, ಹೊತ್ತಿನ ಹೊಂದಾಣಿಕೆ ಬಹುಮಟ್ಟಿಗೆ ಸಾಕು. ಅರ್ಧ ಹಚ್ಚಿ ಇಡೀ ದಿನ ಬಿಸಿಲಿನಲ್ಲಿ ನಿಲ್ಲುವುದಕ್ಕಿಂತ, ಹಚ್ಚದೆ ನೆರಳಿನಲ್ಲಿ ನಿಲ್ಲುವುದು ಮೇಲು.

ಕೊನೆಯ ಪ್ರಶ್ನೆ: ಮುಖ ತೊಳೆದಾಗ ಲೇಪ ಎಲ್ಲಿಗೆ ಹೋಗುತ್ತದೆ? ಆಕ್ಸಿಬೆನ್‌ಝೋನ್ ಎಂಬ ರಾಸಾಯನಿಕವು ಹವಳದ ಮರಿಗಳಿಗೆ ಹಾನಿ ಮಾಡುತ್ತದೆಂದು ಪ್ರಯೋಗಾಲಯದ ಅಧ್ಯಯನಗಳು ತೋರಿಸಿವೆ. ಪೆಸಿಫಿಕ್ ಸಾಗರದ ಪಲಾವ್ ದೇಶವು 2020ರಿಂದ, ಅಮೆರಿಕದ ಹವಾಯಿ ರಾಜ್ಯವು 2021ರಿಂದ ಇದು ಬೆರೆತ ಲೇಪಗಳ ಮಾರಾಟವನ್ನು ನಿಷೇಧಿಸಿದವು. ಹವಳಗಳಿಗೆ ಅತಿ ದೊಡ್ಡ ಶತ್ರು ಕಾದ ಸಮುದ್ರವೇ ಎಂಬುದೂ ಅಷ್ಟೇ ನಿಜ. ಹವಳ ದೂರದ ಮಾತೆಂದು ತಿಳಿಯಬಾರದು. ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ಹವಳಗಳಿವೆ. ಶರಾವತಿ, ಅಘನಾಶಿನಿ, ಗಂಗಾವಳಿ, ಕಾಳಿ ನದಿಗಳು ಈ ಗುಡ್ಡಗಳ ನೀರನ್ನು ಅದೇ ಕಡಲಿಗೆ ಒಯ್ಯುತ್ತವೆ. ಖನಿಜ ಲೇಪವೂ ಸಂಪೂರ್ಣ ನಿರಪರಾಧಿಯಲ್ಲ. ಝಿಂಕ್ ಆಕ್ಸೈಡ್ ನೀರಿನ ಜೀವಿಗಳಿಗೆ ವಿಷಕಾರಿಯಾಗಬಲ್ಲದು. ಆದುದರಿಂದ ಹಳ್ಳಕ್ಕೋ ಕೆರೆಗೋ ಸ್ನಾನಕ್ಕಿಳಿಯುವ ಮುನ್ನ ಲೇಪವನ್ನು ಬಟ್ಟೆಯಿಂದ ಒರೆಸಬೇಕು, ಮನೆಯ ಬಚ್ಚಲಿನಲ್ಲಿಯೇ ಮುಖ ತೊಳೆಯಬೇಕು. ನೀರಿನಲ್ಲಿ ಏನನ್ನೂ ಬಿಡದ ರಕ್ಷಣೆ ಟೊಪ್ಪಿಯೊಂದೇ.

ಒಬ್ಬೊಬ್ಬರೂ ತಮ್ಮ ಮುಖವನ್ನು ಮಾತ್ರ ಕಾಪಾಡಿಕೊಂಡರೆ ಕೆಲಸ ಮುಗಿಯಲಿಲ್ಲ. 2005ರ ಗ್ರಾಮೀಣ ಉದ್ಯೋಗ ಖಾತರಿ ಕಾಯಿದೆಯು ಕೆಲಸದ ಸ್ಥಳದಲ್ಲಿ ಕುಡಿಯುವ ನೀರು, ಮಕ್ಕಳಿಗೆ ನೆರಳು, ವಿಶ್ರಾಂತಿಯ ಹೊತ್ತು ಇರಬೇಕೆಂದು ವಿಧಿಸಿತ್ತು. ನೆರಳು ದುಡಿಯುವವರ ಹಕ್ಕು ಎಂಬ ಆ ತತ್ತ್ವವನ್ನು ಶಾಲೆಯ ಅಂಗಳಕ್ಕೂ, ಬಸ್ ನಿಲ್ದಾಣಕ್ಕೂ, ತೋಟಕ್ಕೂ ವಿಸ್ತರಿಸಬೇಕು. ಕ್ರೀಡಾಕೂಟವನ್ನು ನಡುಹಗಲಿನಿಂದ ಬೆಳಗಿಗೆ ಸರಿಸಲು ಹಣ ಬೇಕಿಲ್ಲ. ಅಡಿಕೆಯ ಅಂಗಳದ ಅಂಚಿನಲ್ಲಿ ಒಂದು ಹಲಸಿನ ಸಸಿ ನೆಟ್ಟರೆ, ಮಗುಚಿ ದಣಿದವಳು ಮುಂದೊಂದು ದಿನ ಅದರಡಿ ಕೂತಾಳು.

ಆದುದರಿಂದ ಇಂದಿನ ಮಾತನ್ನು ಹೀಗೆ ನೆನಪಿಡಬಹುದು. ನೆರಳು ಗಿಡ್ಡವಾದಾಗ ಮರೆಗೆ ಸರಿಯಬೇಕು. ಅಂಚುಳ್ಳ ಟೊಪ್ಪಿ ಧರಿಸಬೇಕು. ಅಗತ್ಯವಿರುವವರು 30ಕ್ಕೆ ಕಡಿಮೆಯಿಲ್ಲದ, ‘ಎ’ ಕಿರಣವನ್ನೂ ತಡೆಯುವ ಲೇಪವನ್ನು ಎರಡು ಬೆರಳಿನಷ್ಟು, ನಿತ್ಯ ಹಚ್ಚಬೇಕು. ಬೆಳ್ಳಗೆ ಮಾಡುವ ಲೇಪವನ್ನು ಮನೆಯೊಳಗೆ ಬಿಡಬಾರದು. ಇಷ್ಟನ್ನು ಇಂದೇ ಮನೆಗೆ ಹೋಗಿ ತಾಯಿಗೆ, ಅಕ್ಕನಿಗೆ, ನೆರೆಯ ಕೂಲಿಯ ಹೆಣ್ಣುಮಗಳಿಗೆ ತಿಳಿಸುವ ಹೊಣೆ ವಿದ್ಯಾರ್ಥಿಗಳದು.